ಗಾಳಿ ಹೋಗದ ಹಾಗೆ ಕಟ್ಟಿದ ಮನೆ

ಚಳಿಯೆಂದರೆ ಕೆಲವರಿಗೆ ಭಯ, ಕೆಲವರಿಗೆ ಖುಷಿ; ನನಗೆ ಮಾತ್ರ ಅದು ಒಂದು ಥರದ ಅವಮಾನ. ರಾಯಚೂರಿನ ಬಿಸಿಲಲ್ಲಿ ಬೆಂದು ಬೆಳೆದವನು ನಾನು. ಜಪಾನಿನ ಒಕಾಜಾಕಿಗೆ ಬಂದು ಆರು ವರ್ಷವಾದರೂ ನವೆಂಬರ್ ಬಂದರೆ ಮನೆಯೊಳಗೇ ಮಂಕಿಕ್ಯಾಪ್ ಹಾಕಿ ಕೂರುತ್ತೇನೆ. ಅದೂ ನನ್ನ ಉದ್ಯೋಗವೇನು ಗೊತ್ತೇ? ಕಾರಿನೊಳಗೆ ಹೊರಗಿನ ಚಳಿಯೂ ಸದ್ದೂ ನುಗ್ಗದ ಹಾಗೆ ಮಾಡುವ ಎಂಜಿನಿಯರು. ಹೆಂಡತಿ ಶುಭಾ ಇದನ್ನು ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ.

ಹೀಗಿರುವಾಗ ಆಫೀಸಿನ ಹಾಯಾಶಿ-ಸಾನ್ ತಮ್ಮ ಹಳೆಯ ಟ್ರೇಲರನ್ನು, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆಯನ್ನು, ನನಗೆ ದಾಟಿಸಿದರು. ಒಳಗೆ ಎರಡು ಮಂಚ, ಒಂದು ಸಿಂಕು, ಒಂದು ಸೀಮೆಎಣ್ಣೆ ಹೀಟರು. ಜನವರಿಯಲ್ಲಿ ನಾಗಾನೋ ಬೆಟ್ಟಕ್ಕೆ ಹೋಗಿ ಮಗಳು ಅನ್ವಿಗೆ ಹಿಮ ತೋರಿಸುವುದೆಂದು ನಿರ್ಧಾರವಾಯಿತು. ಬೀಗದಕೈ ಕೊಡುವಾಗ ಹಾಯಾಶಿ-ಸಾನ್ ಚಾವಣಿಯಲ್ಲಿದ್ದ ದುಂಡನೆಯ ತೂತನ್ನು ತೋರಿಸಿ, “ಕಾನ್ಕಿ, ಕಾನ್ಕಿ” ಎಂದು ಎರಡೆರಡು ಸಲ ಗಂಭೀರವಾಗಿ ಹೇಳಿದರು. “ಕಾಣಿಕೆ ಕೇಳ್ತಿದಾರೇನ್ರೀ?” ಎಂದು ಶುಭಾ ಒಂದು ಡಬ್ಬಿ ಮೈಸೂರುಪಾಕು ಕೊಟ್ಟಳು. ಅವಳ ಅಜ್ಞಾನಕ್ಕೆ ನಾನು ನಕ್ಕೆ. ಕಾನ್ಕಿ ಎಂದರೆ ತಣ್ಣನೆಯ ಗಾಳಿ. ಅಷ್ಟು ಜಪಾನೀಸ್ ನನಗೆ ಬರುತ್ತದೆ. ತೂತಿನಿಂದ ಚಳಿಗಾಳಿ ಬರುತ್ತದೆ, ಜೋಕೆ ಎನ್ನುತ್ತಿದ್ದಾರೆ ಪಾಪ, ಅಂದುಕೊಂಡೆ.

ಮೂರು ಭಾನುವಾರ ದುಡಿದೆ. ಗೋಡೆಗೆ ಫೋಮಿನ ಹಲಗೆ, ಕಿಟಕಿಗೆ ಬೆಳ್ಳಿಹಾಳೆ, ನೆಲಕ್ಕೆ ರಬ್ಬರು, ಸಂದುಗೊಂದಿಗೆಲ್ಲ ಟೇಪು. ಚಾವಣಿಯ ತೂತಿಗಂತೂ ಎರಡು ಪದರ ಜಡಿದೆ. ಊದುಬತ್ತಿ ಹಚ್ಚಿ ಪರೀಕ್ಷಿಸಿದರೆ ಹೊಗೆ ಅಲುಗದೆ ನೆಟ್ಟಗೆ ನಿಂತಿತು. ಎದೆಯುಬ್ಬಿತು.

ಬೆಟ್ಟದ ಕ್ಯಾಂಪಿನಲ್ಲಿ ತಂಗಿದ್ದವರು ನಾವು ಮೂವರೇ. ಮಧ್ಯಾಹ್ನ ಮೂರಕ್ಕೆ ಹಿಮ ಬೀಳುವುದು ನಿಂತಿತು. ಒಳಗೆ ಹೀಟರ್ ಉರಿಯುತ್ತಿತ್ತು, ಅದರ ಮೇಲೆ ಸಾರು ಕುದಿಯುತ್ತಿತ್ತು. ಬಾಗಿಲಿನ ಸಂದಿಗೂ ಟೇಪು ಎಳೆದು ಕೂತೆ. ಆಗ ಗಮನಕ್ಕೆ ಬಂದದ್ದು ಆ ನಿಶ್ಶಬ್ದ. ಗಾಳಿಯಿಲ್ಲ, ಕಾಗೆಯಿಲ್ಲ. ನನ್ನ ಎದೆಬಡಿತವೇ ಪಕ್ಕದ ಕೋಣೆಯಲ್ಲಿ ಯಾರೋ ನಡೆದಾಡಿದ ಹಾಗೆ ಕೇಳುತ್ತಿತ್ತು. ಎಂಥ ಕೆಲಸ ಮಾಡಿದ್ದೀನಿ ನೋಡು ಎಂದು ಹೇಳಲು ತಿರುಗಿದರೆ ಶುಭಾ ಸೌಟು ಹಿಡಿದುಕೊಂಡೇ ಗೋಡೆಗೊರಗಿ ನಿದ್ದೆಹೋಗಿದ್ದಳು. ಮದುವೆಯಾದಾಗಿನಿಂದ ಅವಳು ಹಗಲು ಮಲಗಿದ್ದನ್ನು ನಾನು ನೋಡಿಲ್ಲ.

ಮೇಲಿನ ಮಂಚದಿಂದ ಅನ್ವಿಯ ಪಿಸುದನಿ ಕೇಳಿತು. “ಹಾಯ್... ಹಾಯ್...” ಜಪಾನೀಸಿನಲ್ಲಿ, ದೊಡ್ಡವರಿಗೆ ಹೇಳುವ ವಿನಯದ ‘ಹೂಂ’.

“ಯಾರ ಜೊತೆ ಮಾತಾಡ್ತಿದೀಯಾ ಪುಟ್ಟಾ?”

“ಹೊರಗಡೆ ಒಬ್ರು ಅಜ್ಜಿ. ಡೋರ್ ಓಪನ್ ಮಾಡು ಅಂತಿದಾರೆ.”

ಕಿಟಕಿಗಳೆಲ್ಲ ಮುಚ್ಚಿದ್ದವು. ಅಷ್ಟರಲ್ಲಿ ಅವಳ ತಲೆಯ ಪಕ್ಕದ ಗೋಡೆಯಲ್ಲಿ, ನನಗೂ ಸ್ಪಷ್ಟವಾಗಿ ಕೇಳುವಂತೆ, ಟಕ್, ಟಕ್, ಟಕ್. ಏಳಬೇಕೆಂದುಕೊಂಡೆ, ಕಾಲು ಬೇರೆ ಯಾರದೋ ಎಂಬಂತಿತ್ತು. ಹೀಟರಿನ ನೀಲಿ ಜ್ವಾಲೆ ಹಳದಿಯಾಗಿತ್ತು. ಮತ್ತೆ ಟಕ್, ಟಕ್. ಈ ಸಲ ಜೋರಾಗಿ, ಸಿಟ್ಟು ಬಂದವರ ಹಾಗೆ. “ಸುಮಿಮಾಸೆನ್, ಕ್ಷಮಿಸಿ, ಬಂದೆ ಬಂದೆ” ಎನ್ನುತ್ತ ತೆವಳಿ, ನಾನೇ ಅಂಟಿಸಿದ ಟೇಪನ್ನು ಉಗುರಿನಿಂದ ಕಿತ್ತು, ಬಾಗಿಲು ತಳ್ಳಿದೆ.

ಯಾರೂ ಇರಲಿಲ್ಲ. ಮೊಣಕಾಲುದ್ದ ಹಿಮ, ಹಾಸಿದ ಪಂಚೆಯ ಹಾಗೆ ನುಣ್ಣಗೆ. ಒಂದೇ ಒಂದು ಹೆಜ್ಜೆಗುರುತಿಲ್ಲ.

ಆ ತಣ್ಣನೆಯ ಗಾಳಿ ಮುಖಕ್ಕೆ ಬಡಿದಾಗಲೇ ತಲೆ ತಿಳಿಯಾದದ್ದು. ಏನಾಗುತ್ತಿದೆಯೆಂದು ಹೊಳೆಯಿತು. ಕೂಗುತ್ತ ಅನ್ವಿಯನ್ನು ಎತ್ತಿ ಹಿಮದ ಮೇಲೆ ಕೂರಿಸಿದೆ, ಶುಭಾಳನ್ನು ತೋಳು ಹಿಡಿದು ಎಳೆದೆ. ಅವಳು ಕಣ್ಣು ಬಿಟ್ಟಿದ್ದು ಮೂರನೆಯ ಸಲ ಕರೆದಾಗ. ಎರಡನೆಯ ಕರೆಗೂ ಮೂರನೆಯದಕ್ಕೂ ನಡುವಿನ ಹೊತ್ತನ್ನು ನಾನು ಈಗಲೂ ಯಾರಿಗೂ ವಿವರಿಸಲಾರೆ. ಕೂಗು ಕೇಳಿ ಕ್ಯಾಂಪು ನೋಡಿಕೊಳ್ಳುವ ಮುದುಕ, ಎಪ್ಪತ್ತು ದಾಟಿದ ಇಶಿಗುರೋ-ಸಾನ್, ಸಲಿಕೆ ಹಿಡಿದು ಓಡಿಬಂದರು. ಒಳಗೆ ಹೋಗಿ ಹೀಟರ್ ಆರಿಸಿ, ಚಾವಣಿಯ ನನ್ನ ಎರಡು ಪದರಗಳನ್ನು ಸಲಿಕೆಯಿಂದಲೇ ಕೆರೆದುಹಾಕಿ, ಹೊರಬಂದು ಹೇಳಿದ್ದು ಒಂದೇ ಮಾತು: “ಕಾನ್ಕಿ!” ಗಾಳಿಯಾಡುವುದಕ್ಕೂ ಅದೇ ಪದವಂತೆ.

ಕೆಳಗಿನ ಊರಿನ ವೈದ್ಯರು ಮೂವರಿಗೂ ಆಮ್ಲಜನಕ ಕೊಟ್ಟು, ಇನ್ನರ್ಧ ಗಂಟೆಯಾಗಿದ್ದರೆ ಕಷ್ಟವಿತ್ತು ಎಂದರು. ಮಾರನೆಯ ಬೆಳಿಗ್ಗೆ ಟ್ರೇಲರು ತರಲು ಹೋಗುವ ದಾರಿಯಲ್ಲಿ ನಾನು ಹೆಂಡತಿಗೆ ಎಲ್ಲವನ್ನೂ ವೈಜ್ಞಾನಿಕವಾಗಿ ವಿವರಿಸಿದೆ. ಹೊರಗಿನ ತಗಡು ಚಳಿಗೆ ಕುಗ್ಗಿದಾಗ ಟಕ್ ಎನ್ನುತ್ತದೆ. ಮುಚ್ಚಿದ ಜಾಗದಲ್ಲಿ ಹೀಟರು ಉಗುಳುವ ವಿಷಗಾಳಿ ತಲೆಗೇರಿದರೆ ಇಲ್ಲದ ದನಿ ಕೇಳುತ್ತದೆ. ಶುಭಾ ಎಲ್ಲ ಕೇಳಿಸಿಕೊಂಡು, “ಸರಿ. ಆದ್ರೂ ಹೋಗಿ ಒಂದು ಥ್ಯಾಂಕ್ಸ್ ಹೇಳ್ಬನ್ನಿ” ಎಂದಳು.

“ಯಾರಿಗೆ?”

“ತಗಡಿಗೆ.”

ಹೋದೆ. ಸುತ್ತ ಯಾರೂ ಇಲ್ಲವೆಂದು ಎರಡು ಸಲ ನೋಡಿ, ಗೋಡೆಯ ಆಚೆಬದಿಯ ಬರಿಹಿಮದ ಮುಂದೆ ನಿಂತು, “ಅರಿಗಾತೋ” ಎಂದು ಸೊಂಟ ಬಗ್ಗಿಸಿದೆ. ತಲೆಯೆತ್ತಿದರೆ ಪಕ್ಕದಲ್ಲಿ ಇಶಿಗುರೋ-ಸಾನ್. ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಅವರು ನಗಲಿಲ್ಲ. ಸಲಿಕೆಯನ್ನು ಮೆಲ್ಲಗೆ ಕೆಳಗಿಟ್ಟು, ಟೋಪಿ ತೆಗೆದು, ಅದೇ ಖಾಲಿ ಜಾಗಕ್ಕೆ ನನಗಿಂತ ಆಳವಾಗಿ, ನನಗಿಂತ ಹೆಚ್ಚು ಹೊತ್ತು ಬಗ್ಗಿದರು. ಆಮೇಲೆ ಸಲಿಕೆ ಎತ್ತಿಕೊಂಡು ಹಿಮ ಗೋರಲು ಹೋದರು.

ಅತಿಥಿಯ ಮರ್ಯಾದೆ ಕಾಯಲು ಬಗ್ಗಿದರೋ, ಅಥವಾ ಅಲ್ಲಿ ಯಾರಿದ್ದಾರೆಂದು ಗೊತ್ತಿದ್ದು ಬಗ್ಗಿದರೋ, ಕೇಳುವಷ್ಟು ಜಪಾನೀಸ್ ನನಗೆ ಬರಲಿಲ್ಲ ಎಂದು ಮನೆಯಲ್ಲಿ ಹೇಳಿದ್ದೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಅವರು ಕನ್ನಡದವರೇ ಆಗಿದ್ದರೂ ನಾನು ಕೇಳುತ್ತಿರಲಿಲ್ಲ.