ಮಾಮಾನ ಮೋಟರು, ಮಾಮಿಯ ಬತ್ತಿ

ನಮ್ಮ ಮಾಮಾ ಈ ಜಗತ್ತಿನಲ್ಲಿ ಒಬ್ಬರನ್ನು ಮಾತ್ರ ನಂಬುತ್ತಾರೆ. ಆ ಒಬ್ಬರು ಯಾರೆಂಬುದನ್ನು ಇನ್ನೂ ತೀರ್ಮಾನಿಸಿಲ್ಲ, ಅಷ್ಟೇ! ನನ್ನ ತಾಯಿಯ ತಮ್ಮ ಇವರು. ಧಾರವಾಡದಿಂದ ಬಂದು ಮುಂಬಯಿಯ ಚೆಂಬೂರಿನಲ್ಲಿ ಬೇರೂರಿದವರು. ಹಾಲಿನವನು ನಕ್ಕರೆ ‘ಇವತ್ತು ನೀರು ಜಾಸ್ತಿ ಹಾಕ್ಯಾನ’ ಎನ್ನುತ್ತಾರೆ. ನಗದಿದ್ದರೆ ‘ಸಿಕ್ಕಿಬಿದ್ದೆ ಅಂತ ಹೆದರ್ಯಾನ’ ಎನ್ನುತ್ತಾರೆ. ಲೋಕಲ್ ರೈಲು ಸರಿಯಾದ ಸಮಯಕ್ಕೆ ಬಂದರಂತೂ ಹತ್ತುವುದೇ ಇಲ್ಲ. ‘ಇದು ಹಿಂದಿನ ಗಾಡಿ ಇರಬೇಕು ನೋಡವಾ, ತಡಾ ಆಗಿ ಬಂದದ. ಎಲ್ಲಿಗೆ ಒಯ್ತದೋ ಏನೋ!’

ಇಂಥವರು ಕೋಣೆಯ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಏನೋ ಮಾಡತೊಡಗಿದರೆ ನಮಗೆ ಅನುಮಾನ ಬರಬಾರದೇ? ಅದೇ ಬಿಲ್ಡಿಂಗಿನ ಮೇಲಿನ ಮಹಡಿಯವಳು ನಾನು. ಒಂದು ದಿನ ಗುಂಯ್ ಎನ್ನುವ ಸದ್ದು, ಇನ್ನೊಂದು ದಿನ ಸುಟ್ಟ ವಾಸನೆ. ಕೆಳಗಿಳಿದು ಮಾಮಿಯನ್ನು ಕೇಳಿದೆ.

‘ನನಗ ಹೇಳಿದ್ರ ನಿನಗ ಹೇಳ್ತಿದ್ದೆ. ಏನು ಮಾಡ್ಲಿಕತ್ತೀರಿ ಅಂದ್ರ, ನಿನ್ನನ್ನ ಯಾರು ಕೇಳ್ಲಿಕ್ಕೆ ಕಳಿಸ್ಯಾರ ಅಂತಾರ!’

ಕಿಟಕಿಯಲ್ಲಿ ತಂತಿ, ಬ್ಯಾಟರಿ ಕಂಡು ಸೊಸೈಟಿಯ ಸೆಕ್ರೆಟರಿಯೂ ಬಂದರು. ‘ಕಾಕಾ, ಕ್ಯಾ ಬನಾ ರಹೇ ಹೋ?’ ಏನು ಮಾಡುತ್ತಿದ್ದೀರಿ ಎಂಬ ವಿಚಾರಣೆ.

‘ಆಪ್ ಕ್ಯೋಂ ಪೂಛ್ ರಹೇ ಹೋ?’ ಎಂದರು ಮಾಮಾ, ನೀವು ಯಾಕೆ ಕೇಳುತ್ತೀರಿ ಎಂದು.

ಇಬ್ಬರೂ ಹೊಸ್ತಿಲಿನ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ದಿಟ್ಟಿಸಿದರು. ಅನುಮಾನದಲ್ಲಿ ಮಾಮಾನನ್ನು ಮೀರಿಸುವುದುಂಟೇ? ಸೆಕ್ರೆಟರಿಯೇ ಕಣ್ಣು ಕೆಳಗಿಳಿಸಿ ಲಿಫ್ಟು ಹತ್ತಿದರು.

ಒಂದು ಭಾನುವಾರ ಮಾಮಾ ತಾವಾಗಿಯೇ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಬಿಸ್ಕತ್ತಿನಷ್ಟು ಅಗಲದ, ಪುಟ್ಟ ಕಂಪ್ಯೂಟರಿನಂಥ ಒಂದು ಮೈಕ್ರೋಕಂಟ್ರೋಲರ್ ಬೋರ್ಡು. ಪಕ್ಕದಲ್ಲಿ ಆಟಿಕೆ ಕಾರಿಗೆ ಹಾಕುವಂಥ ಪುಟ್ಟ ಮೋಟರು. ಮೊಬೈಲಿನ ವಿಡಿಯೋ ನೋಡಿ ಕಲಿತದ್ದಂತೆ.

‘ನನಗ ಮೋಸ ಆಗೇದ. ಮೊದಲು ಈ ಬೋರ್ಡಿನ ದೀಪಾರೆ ಹತ್ತತಿತ್ತು, ಈಗ ಅದೂ ಇಲ್ಲ. ಅಂಗಡಿಯಾಂವ ಡೂಪ್ಲಿಕೇಟ್ ಕೊಟ್ಟಾನ. ನಡಿ, ಸಾಕ್ಷಿಗೆ ಬಾ.’

‘ಮೋಟರು ಯಾತಕ್ಕ ಮಾಮಾ?’

‘ಸಾಕ್ಷಿಗೆ ಅದೆಲ್ಲಾ ಬೇಕಾಗಿಲ್ಲ!’

ಸರಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ಅಂಗಡಿಯವನು ಬೋರ್ಡನ್ನು ಮೂಸಿ ನೋಡಿ ಒಂದೇ ಪ್ರಶ್ನೆ ಕೇಳಿದ: ‘ಕಾಕಾ, ಮೋಟರ್ ಸೀದಾ ಪಿನ್ ಪೇ ಲಗಾಯಾ ಕ್ಯಾ?’

ಮಾಮಾ ಮೋಟರನ್ನು ನೇರವಾಗಿ ಪಿನ್ನಿಗೇ ಜೋಡಿಸಿದ್ದರು. ಆತ ಬಿಡಿಸಿ ಹೇಳಿದ. ಬೋರ್ಡಿನ ಪಿನ್ನಿನಲ್ಲಿ ಬರುವ ಕರೆಂಟು ಒಂದು ಸಣ್ಣ ದೀಪಕ್ಕೆ ಸಾಕು, ಮೋಟರಿಗೆ ಸಾಲದು. ಬಲವಂತವಾಗಿ ಎಳೆದರೆ ಬೋರ್ಡೇ ಸುಡುತ್ತದೆ. ನಡುವೆ ಡ್ರೈವರ್ ಎಂಬ ಇನ್ನೊಂದು ಬೋರ್ಡು ಬೇಕು, ಮೋಟರಿಗೆ ಅದರದೇ ಬ್ಯಾಟರಿ ಬೇಕು.

‘ಅಂದ್ರ ಹುಕುಂ ಕೊಡೋ ಸಾಹೇಬ ಬ್ಯಾರೆ, ಭಾರ ಹೊರೋ ಹಮಾಲ ಬ್ಯಾರೆ!’ ಎಂದು ಮಾಮಾ ತಲೆದೂಗಿದರು. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ ಮೆಲ್ಲಗೆ, ‘ಇಷ್ಟು ಸಮಾಧಾನಲೆ ಹೇಳಿದ್ನಲ್ಲಾ, ಇದ್ರಾಗ ಏನೋ ಅದ!’

ಡ್ರೈವರ್ ಬಂತು, ಮೋಟರು ತಿರುಗಿತು. ಕೂಡಲೇ ಹೊಸ ಅನುಮಾನ ಹುಟ್ಟಿತು. ಬೋರ್ಡಿನಲ್ಲಿ ವೇಗಕ್ಕೆ ಸೊನ್ನೆಯಿಂದ ಇನ್ನೂರೈವತ್ತೈದರವರೆಗೆ ಮಾತ್ರ ಅಂಕಿ. ‘ಅಲ್ಲಿಗೇ ಯಾಕ ನಿಲ್ಲಬೇಕು? ಮುಂದಿಂದೆಲ್ಲಾ ಯಾರಿಗೆ ಅಂತ ಎತ್ತಿಟ್ಟಾರ?’

ಮರುವಾರ ಮಾಮಿ ತರಕಾರಿಗೆ ಹೋದ ಹೊತ್ತು. ಮಾಮಾ ಮೋಟರಿನ ತುದಿಗೆ ಒಂದು ಹೆಣಿಗೆ ಕಡ್ಡಿ ಸಿಕ್ಕಿಸಿದರು. ಮಾಮಿಯ ದೇವರ ಗೂಡಿನಿಂದ ಹಿಂಜಿದ ಹತ್ತಿ ತಂದು ಕಡ್ಡಿಗೆ ತಾಗಿಸಿ, ಇನ್ನೂರೈವತ್ತೈದು ಒತ್ತಿಯೇಬಿಟ್ಟರು! ಹತ್ತಿ ಹಾರಿತು. ಫ್ಯಾನಿಗೆ ಹತ್ತಿ, ಕ್ಯಾಲೆಂಡರಿಗೆ ಹತ್ತಿ, ಮಾಮಾನ ಬಿಳಿ ಮೀಸೆಗೆ ಇನ್ನೊಂದು ಬಿಳಿ ಮೀಸೆ! ಸರಿಯಾಗಿ ಆಗಲೇ ಮಾಮಿ ಬಾಗಿಲಲ್ಲಿ.

‘ಅಯ್ಯ! ನನ್ನ ಲಕ್ಷಬತ್ತಿ ಹತ್ತಿ!’

ಮಾಮಿ ಲಕ್ಷ ಬತ್ತಿಯ ಹರಕೆ ಹೊತ್ತಿದ್ದರು. ದಿನವೂ ಮಧ್ಯಾಹ್ನ ಕೂತು ಬತ್ತಿ ಹೊಸೆಯುವುದು ಅವರ ರೂಢಿ.

‘ಬತ್ತಿ ಹೊಸಿಯೋ ಮಷೀನು ಮಾಡ್ಲಿಕತ್ತೇನಿ. ನಿನ್ನ ಬೆರಳು ನೋಯ್ತಾವಲಾ’ ಎಂದರು ಮಾಮಾ, ನೆಲ ನೋಡುತ್ತ.

‘ನಿಮಗ ಯಾರು ಹೇಳಿದ್ರು? ನಾ ಯಾರಿಗೂ ಹೇಳಿಲ್ಲ.’

‘ಅನುಮಾನ ಬಂತು. ಒಂದೂವರಿ ತಿಂಗಳಾತು, ಬತ್ತಿ ಡಬ್ಬಿ ಇದ್ದಷ್ಟ ಅದ. ಚಾದ ಕಪ್ಪು ಎರಡೂ ಕೈಲೆ ಹಿಡೀಲಿಕತ್ತೀ.’

ಮಾಮಿ ಅಡುಗೆಮನೆಗೆ ಹೋದರು. ನಾನೂ ಹಿಂದೆ ಹೋದೆ. ನಲ್ಲಿ ಬಿಟ್ಟು, ಊದಿದ ಬೆರಳುಗಳನ್ನು ನೀರಿಗೆ ಹಿಡಿದುಕೊಂಡು ನಿಂತಿದ್ದರು. ಹರಕೆ ಯಾವುದಕ್ಕೆಂದು ಆವತ್ತೇ ನಾನು ಮೊದಲ ಸಲ ಕೇಳಿದ್ದು.

‘ಇವ್ರು ಕಾರ್ಖಾನಿ ಸ್ಟೋರಿನಾಗಿದ್ದಾಗ ಕರೆಂಟು ಅಳಿಯೋ ಒಂದು ಮೀಟರು ಕಳೀತು. ಆರು ತಿಂಗಳು ಗೇಟಿನಾಗ ಇವ್ರದೊಬ್ಬರದ ಊಟದ ಡಬ್ಬಿ ತಗಸಿ ನೋಡ್ತಿದ್ರು, ಎಲ್ಲಾರ ಮುಂದ. ಆಮ್ಯಾಲೆ ಅದು ಕಪಾಟಿನ ಹಿಂದ ಸಿಕ್ತು. ತಪ್ಪಾತು ಅಂತ ಒಬ್ಬರೂ ಅನ್ನಲಿಲ್ಲವಾ. ಆವಾಗಿಂದ ಇವ್ರು ಹಿಂಗಾಗ್ಯಾರ. ಆ ಆರು ತಿಂಗಳು ಇವ್ರ ಮನಸ್ಸಿನಿಂದ ಹೋಗ್ಲಿ ಅಂತ ಹರಕಿ.’

ಅಷ್ಟು ವರ್ಷ ಮಾಮಾನ ಅನುಮಾನಕ್ಕೆ ನಕ್ಕವಳು ನಾನು. ನಲ್ಲಿ ನಿಲ್ಲಿಸಿ ಮಾಮಿಯ ಕೈಗೆ ಟವೆಲು ಕೊಟ್ಟೆ.

ನಾವು ಹೊರಗೆ ಬಂದಾಗ ಮಾಮಾ ಮೇಜಿನ ಎದುರು ಕುರ್ಚಿ ಎಳೆದಿಟ್ಟಿದ್ದರು. ವೇಗವನ್ನು ತೊಂಬತ್ತಕ್ಕೆ ಇಳಿಸಿದ್ದರು.

‘ಕೂಡು. ಈ ಗುಂಡಿ ಅಂಗೈಲೆ ಒತ್ತಿದ್ರ ಸಾಕು, ಬೆರಳು ಬೇಕಾಗಂಗಿಲ್ಲ.’

‘ಮಷೀನಿನ ಬತ್ತಿ ದೇವ್ರಿಗೆ ನಡೀತದೇನ್ರಿ?’

‘ಮಷೀನು ಬರೇ ತಿರುಗ್ತದ. ಹತ್ತಿ ಹಿಡಿಯೂದು ನಿನ್ನ ಕೈಯ್ಯ.’

ಮಾಮಿ ಒತ್ತಿದರು. ಮೋಟರು ಮೆಲ್ಲಗೆ ತಿರುಗಿತು. ಸೊಟ್ಟಗೆ, ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬತ್ತಿಯೊಂದು ಬಂತು. ಮಾಮಾ ಅದನ್ನು ತಿರುಗಿಸಿಯೂ ನೋಡಲಿಲ್ಲ, ತೆಗೆದು ಡಬ್ಬಿಯಲ್ಲಿಟ್ಟರು. ಮಾಮಿ ಇನ್ನೊಂದು ಎಳೆ ಹತ್ತಿ ಹಿಡಿದರು. ಊದಿದ ಬೆರಳುಗಳಿಂದ ಅದು ಜಾರತೊಡಗಿತು. ಮಾಮಾ ತಮ್ಮ ಅಂಗೈಯನ್ನು ಅವರ ಕೈಯ ಕೆಳಗೆ ಆಸರೆಯಾಗಿ ಇಟ್ಟರು.