ತೊಟ್ಟಿಲ ಮೇಲೊಂದು ತೂತು

ಭೂಮಿಯ ಮೇಲೆ ಇದುವರೆಗೆ ಕೊರೆದ ತೂತುಗಳಲ್ಲೆಲ್ಲ ಮಹಾ ಅನಾಹುತದ್ದೆಂದರೆ, ಕನ್ನಡಕದಂಗಡಿಯವನು ಅಂದು ಬೆಳಿಗ್ಗೆ ತನ್ನ ಬಾಡಿಗೆ ಮನೆಯ ಚಾವಣಿಗೆ ಕೊರೆದದ್ದೇ. ಗಾತ್ರ ಕಡಲೆಕಾಳಿನಷ್ಟು, ರಾಮಾಯಣ ಮಾತ್ರ ಕಡಲಿನಷ್ಟು.

ಸಂಜೆಯ ರೈಲಿಗೆ ಹೆಂಡತಿ ತವರಿನಿಂದ ಹಸುಗೂಸಿನೊಂದಿಗೆ ಬರುವವಳಿದ್ದಳು. ಮಗಳು ಅಪ್ಪನ ಮನೆಗೆ ಮೊದಲ ಸಲ ಕಾಲಿಡುವ ದಿನ. ಇಡಲು ಬಾರದಿದ್ದರೆ ಅಲ್ಲಾಡಿಸಲಿ. ತೊಟ್ಟಿಲ ಮೇಲೆ ತೂಗಲೆಂದು ಅವನು ಬಟ್ಟೆಯ ಗಿಳಿಗಳ ಗೊಂಚಲು ತಂದಿದ್ದ. ಕೂದಲೆಳೆಯಂಥ ಸ್ಕ್ರೂಗಳನ್ನು ಕನ್ನಡಕಕ್ಕೆ ಕೂರಿಸುವ ಕೈಗೆ ಚಾವಣಿ ಯಾವ ಲೆಕ್ಕ ಎಂದು ಡ್ರಿಲ್ ಒತ್ತಿದ. ಅದು ಕೋಣದಂತೆ ಗುಟುರು ಹಾಕಿತು. ಬೂದುಬಣ್ಣದ ಪುಡಿ ಅವನ ತಲೆಯಿಂದ ತೊಟ್ಟಿಲ ಹಾಸಿಗೆಯವರೆಗೂ ಉದುರಿತು.

ಸದ್ದು ಕೇಳಿ ಕೆಳಮನೆಯ ಮೇಷ್ಟ್ರು ಹತ್ತಿ ಬಂದರು. ವಿಜ್ಞಾನ ಕಲಿಸಿ ನಿವೃತ್ತರಾದವರು. ನಿಂತದ್ದು ಸಂಬಳ, ಪಾಠವಲ್ಲ. ಬಾಗಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದರು.

"ಹಳೇ ಕಟ್ಟಡ ಕಣಯ್ಯಾ. ಇದು ಆಸ್ಬೆಸ್ಟಾಸ್ ಆಗಿದ್ರೆ?"

ಆಗಿದ್ದರೆ ಏನೆಂಬುದನ್ನು ಇಡೀ ತರಗತಿಗೆ ಹೇಳುವಂತೆ ಹೇಳಿದರು. ಕಣ್ಣಿಗೆ ಕಾಣದ ನಾರು, ಶ್ವಾಸಕೋಶ ಹೊಕ್ಕರೆ ಹೊರಡುವ ಮಾತಿಲ್ಲ, ವರ್ಷಗಟ್ಟಲೆ ಕೂತು ಕೊನೆಗೆ ಮನೆಯಾತನನ್ನೇ ಹೊರಡಿಸುತ್ತದೆ. ಗುಡಿಸಬೇಡ, ಫ್ಯಾನು ಹಾಕಬೇಡ. ಪೊರಕೆ ಎತ್ತಿದ್ದ ಕನ್ನಡಕದವನ ಕೈ ಗಾಳಿಯಲ್ಲೇ ನಿಂತಿತು. ತನ್ನದು ಹೇಗೂ ಆಯಿತು. ಫೋಟೋದಲ್ಲಿ ಕಂಡ ಮಗಳ ಹೆಬ್ಬೆಟ್ಟಿನ ಉಗುರಿನಷ್ಟು ಪುಟ್ಟ ಮೂಗು ನೆನಪಾಗಿ ಪೊರಕೆ ಕೆಳಗಿಟ್ಟ.

ಕೋಣೆ ಮುಚ್ಚಿ, ಇಂಥ ಪುಡಿ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಫೋನು ಮಾಡಿದ. ಯಾರೂ ಏನನ್ನೂ ಮುಟ್ಟಕೂಡದು, ಮಧ್ಯಾಹ್ನ ಬರುತ್ತೇವೆ ಎಂದರು. ಮನೆಯೊಡತಿ ಫೋನೇ ಎತ್ತಲಿಲ್ಲ.

ಅಷ್ಟರಲ್ಲಿ ಸುದ್ದಿ ಎದುರುಮನೆಯ ದೊಡ್ಡಮ್ಮನಿಗೆ ಮುಟ್ಟಿತು. ಆಕೆ ಯಾರಿಗೂ ಸಂಬಂಧಿಯಲ್ಲ, ಆದ್ದರಿಂದ ಇಡೀ ಕಟ್ಟಡಕ್ಕೇ ದೊಡ್ಡಮ್ಮ. ತನ್ನ ಬಚ್ಚಲಿನಲ್ಲಿ ಅವನಿಗೆ ಸ್ನಾನ ಮಾಡಿಸಿ, ಸಾಲದೆಂದು ಮತ್ತೊಮ್ಮೆ ಮಾಡಿಸಿದಳು. ಪಕ್ಕದ ಮನೆಯಲ್ಲಿರುವುದು ತನ್ನ ಮನೆಯಲ್ಲಿಲ್ಲವೆಂದರೆ, ಅದು ಕಾಯಿಲೆಯೇ ಆಗಿರಲಿ, ಸಹಿಸುವ ಹೆಂಗಸಲ್ಲ.

"ನಮ್ಮನೇದೂ ಬೂದಿ ಬಣ್ಣಾನೇನೋ ನೋಡೋಣ. ಕೊಡಿಲ್ಲಿ ಅದನ್ನ," ಎಂದು ಡ್ರಿಲ್ ಕಿತ್ತುಕೊಂಡಳು.

ಮುಟ್ಟಬಾರದಂತೆ ಎಂದು ಅವನು ಅಂಗಲಾಚಿದ.

"ಗಂಡಾಂತರ ನಿನಗೊಬ್ಬನಿಗೇ ಬರ್ಲಿ ಅಂತ ಸುಮ್ನಿರೋಕೆ ನಾವೇನು ಹೊರಗಿನವರಾ?"

ಆಕೆಯ ಚಾವಣಿಗೂ ತೂತು ಬಿತ್ತು. ಒಂದೇ ಮಾದರಿ ಇಟ್ಟುಕೊಂಡು ತೀರ್ಮಾನಿಸುವುದು ವಿಜ್ಞಾನವೇ ಅಲ್ಲ, ಹೋಲಿಕೆಗೆ ಇನ್ನಷ್ಟು ಬೇಕು ಎಂದು ಮೇಷ್ಟ್ರೂ ಒಪ್ಪಿ, ತಮ್ಮ ಚಾವಣಿಯನ್ನು ಜರಡಿ ಮಾಡಿಕೊಂಡರು. ಮೇಲ್ಮನೆಯ ಈಜು ತರಬೇತುದಾರನಿಗೆ ಡ್ರಿಲ್ಲೂ ಬೇಕಾಗಲಿಲ್ಲ. ಒಂದು ಗುದ್ದಿಗೆ ಹಪ್ಪಳದಂಥ ತುಂಡು ಕೈಗೆ ಬಂತು. ಮೂವರೂ ತಂತಮ್ಮ ಪುಡಿಯ ಪೊಟ್ಟಣ ಹಿಡಿದು, ಯಾರದು ಹೆಚ್ಚು ಬೂದು ಎಂದು ಮೆಟ್ಟಿಲ ಮೇಲೆ ವಾದಕ್ಕಿಳಿದರು. ಆ ವಾದದ ಗಾಳಿಗೆ ಮೂರು ಬೀದಿಯಾಚೆಯ ಒಗೆದ ಬಟ್ಟೆಗಳು ಒಣಗಿದವಂತೆ.

ಮಧ್ಯಾಹ್ನ ಪ್ರಯೋಗಾಲಯದಾಕೆ ಬಿಳಿ ಮುಸುಕಿನ ಅಂಗಿ ತೊಟ್ಟು ಬಂದಳು. ಸುದ್ದಿ ತಿಳಿದ ಮನೆಯೊಡತಿಯೂ ಏದುಸಿರು ಬಿಡುತ್ತ ಹಿಂದೆಯೇ ಬಂದಳು. ತೂತನ್ನು ನೋಡಿ ಒಡತಿ ನಕ್ಕುಬಿಟ್ಟಳು.

"ಇದು ಹಳೇದಲ್ಲ ಕಣಪ್ಪಾ. ನೀನು ಬರೋಕ್ ಮುಂಚೆ ಮೇಲ್ಮನೆ ಪೈಪು ಸೋರಿ ಈ ಚಾವಣಿ ಇಷ್ಟೂ ಬಿದ್ದೋಗಿತ್ತು. ಬರೀ ಪ್ಲಾಸ್ಟರ್ ಹಲಗೆ, ನಾನೇ ನಿಂತು ಹಾಕಿಸಿದ್ದು."

ಬಿಳಿ ಅಂಗಿಯಾಕೆ ತೂತಿನ ಅಂಚನ್ನು ಪರೀಕ್ಷಿಸಿ ಹೌದೆಂದಳು. ಕನ್ನಡಕದವನ ಮೈಯಿಂದ ಬೆಟ್ಟವೊಂದು ಇಳಿದು ಮೆಟ್ಟಿಲ ಮೇಲೆ ಉರುಳಿಕೊಂಡು ಹೋಯಿತು.

"ಹಳೇ ಆಸ್ಬೆಸ್ಟಾಸ್ ಇರೋದು ಮಿಕ್ಕ ಮೂರು ಮನೇಲಿ," ಎಂದು ಒಡತಿ ಮುಂದುವರಿಸಿದಳು. "ತಂಟೆಗೆ ಹೋಗದಿದ್ರೆ ಅದೂ ತೆಪ್ಪಗಿರತ್ತೆ. ಯಾರೂ ಕೈ ಹಚ್ಚಿಲ್ಲ ತಾನೆ?"

ದೊಡ್ಡಮ್ಮನ ಕೈಯಲ್ಲಿದ್ದ ಪೊಟ್ಟಣ ಮೆಲ್ಲನೆ ಬೆನ್ನ ಹಿಂದೆ ಸರಿಯಿತು. ಮೇಷ್ಟ್ರು ಜೀವಮಾನದಲ್ಲಿ ಮೊದಲ ಸಲ ಪಾಠ ಮರೆತರು. ತರಬೇತುದಾರನ ತಲೆ ಮಾತ್ರ ಏನನ್ನೂ ಬಚ್ಚಿಡದೆ ಬೂದುಬಣ್ಣದಲ್ಲೇ ನಿಂತಿತ್ತು.

ಮೂರೂ ಮನೆಗೆ ಬೀಗ ಬಿತ್ತು. ಶುದ್ಧವಾಗುವವರೆಗೆ ಒಂದು ದಿಂಬನ್ನೂ ಹೊರತರುವಂತಿಲ್ಲ. ಮೂವರ ಪುಡಿ ಮೆತ್ತಿದ ಬಟ್ಟೆ ಕಳಚಿಸಿ, ಮೀಯಲು ಕಳಿಸಿ, ತನ್ನ ಚೀಲದಲ್ಲಿದ್ದ ಬಿಳಿ ಅಂಗಿಗಳನ್ನೇ ತೊಡಿಸಿ ಪ್ರಯೋಗಾಲಯದಾಕೆ ಹೊರಟಳು. ಈಗ ಈ ಕಟ್ಟಡದಲ್ಲಿ ಇರಬಹುದಾದ ಮನೆ ಒಂದೇ. ಕನ್ನಡಕದವನಿಗೆ ಯಾರೂ ಅಪ್ಪಣೆ ಕೇಳಲಿಲ್ಲ; ಹೊರಗಿನವರಾಗಿದ್ದರೆ ಕೇಳುತ್ತಿದ್ದರೇನೋ.

ಸಂಜೆ ಹೆಂಡತಿ ಬಾಗಿಲು ತಟ್ಟಿದಳು. ಅವನು ತೆರೆದ. ಒಳಗೆ ಸೋಫಾ ತುಂಬ ತರಬೇತುದಾರ, ಊಟದ ಮೇಜಿನ ತುದಿಯಲ್ಲಿ ಮೇಷ್ಟ್ರು, ತೊಟ್ಟಿಲ ಪಕ್ಕದ ಹಾಸಿಗೆಯಲ್ಲಿ ದೊಡ್ಡಮ್ಮ, ಎಲ್ಲರೂ ಚಂದ್ರಲೋಕದಿಂದ ಇಳಿದವರಂತೆ ಬೆಳ್ಳಗೆ. ಮನೆ ತಪ್ಪಿತೆಂದು ಹೆಂಡತಿ ಒಂದು ಹೆಜ್ಜೆ ಹಿಂದಿಟ್ಟಳು. ಅಷ್ಟರಲ್ಲಿ ಮಗು ದೊಡ್ಡಮ್ಮನ ಕೈ ಸೇರಿ, ಅಲ್ಲಿಂದ ಮೇಷ್ಟ್ರ ತೊಡೆಗೆ, ಅಲ್ಲಿಂದ ತರಬೇತುದಾರನ ಎದೆಗೆ ಹೋಗಿ ಬೊಚ್ಚುಬಾಯಲ್ಲಿ ನಕ್ಕಿತು.

ಬೆಳಗಿನಿಂದ ಆ ಮೂಗಿಗಾಗಿ ಉಸಿರು ಬಿಗಿಹಿಡಿದಿದ್ದವನು ಕಡೆಗೂ ಎರಡು ಕೈ ಚಾಚಿದ.

ದೊಡ್ಡಮ್ಮ ನಡುವೆ ಬಂದು ನಿಂತಳು.

"ನೀನು ದೂರ ಇರಪ್ಪಾ. ಮೂರು ಮನೆ ಕೆಡಿಸಿದ ಡ್ರಿಲ್ಲು ನಿಂದೇ ಅಲ್ವಾ? ಹೋಗು, ಇನ್ನೊಂದ್ಸಲ ಸ್ನಾನ ಮಾಡ್ಕೊಂಡು ಬಾ. ಬಚ್ಚಲಿಗೆ ಮೇಷ್ಟ್ರಾದ ಮೇಲೆ ನಿನ್ನ ಸರದಿ."