ಅಶೋಕನ ಬೂಟು, ದ್ಯಾವಯ್ಯನ ಹಗ್ಗ

ದ್ಯಾವಯ್ಯ: ಬೂಟಿನ ಮಾತು ಆಮೇಕೆ. ಎಂಟು ವರ್ಸದಿಂದ ಕೇಳ್ತಾ ಇವ್ನಿ. ನನ್ ಹಗ್ಗ ಎಲ್ಲಿ?

ಚೌಡಯ್ಯ: ನಾನೂ ಎಂಟು ವರ್ಸದಿಂದ ಹೇಳ್ತಾ ಇವ್ನಿ. ಕಳ್ಸಿ ಆಯ್ತು.

ದ್ಯಾವಯ್ಯ: ಯಾರ ಕೈಲಿ ಕಳ್ಸಿದ್ದೆ? ಗಾಳಿ ಕೈಲಾ?

ಚೌಡಯ್ಯ: ಬಸ್ಸಿನ ಕಂಡಕ್ಟ್ರ ಕೈಲಿ ಕಣ್ಲಾ. ಗಾಳಿಗೆ ಟಿಕೆಟ್ ಕೊಡಾಕಿಲ್ಲ.

ಪಾಂಡವಪುರದ ಆಟದ ಮೈದಾನದ ಪಕ್ಕದ ಒಂದು ಕೋಣೆ. ಭಾನುವಾರ, ಗೋಡೆ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ನಾಲ್ಕು ತಾಲ್ಲೂಕಿನ ಫುಟ್‌ಬಾಲ್ ಕಪ್ಪಿಗೆ ಆಟಗಾರರ ಹೆಸರು ಬರೆಸಲು ಐದು ಗಂಟೆಯೇ ಗಡುವು. ಮೇಜಿನ ಹಿಂದೆ ರಿಜಿಸ್ಟರು ಹರಡಿಕೊಂಡು ಕೂತವರು ಮಹದೇವಸ್ವಾಮಿ. ಮೂವತ್ತು ವರ್ಷ ಡ್ರಿಲ್ ಮೇಷ್ಟರಾಗಿ ನಿವೃತ್ತರಾದರೂ ಕೊರಳಿಂದ ಸೀಟಿ ಇಳಿಸದ ಮನುಷ್ಯ. ಮೇಜಿನ ಈಚೆ ಕ್ಯಾತನಹಳ್ಳಿ ಟೀಮಿನ ಯಜಮಾನ ದ್ಯಾವಯ್ಯ ಮತ್ತು ಕಿಕ್ಕೇರಿ ಟೀಮಿನ ಯಜಮಾನ ಚೌಡಯ್ಯ. ಇಬ್ಬರ ನಡುವೆ ಬರಿಗಾಲಲ್ಲಿ ಅಶೋಕ. ಹೋದ ವರ್ಷ ಕಿಕ್ಕೇರಿ ಪರವಾಗಿ ಹದಿನಾಲ್ಕು ಗೋಲು ಹೊಡೆದ ಫಾರ್ವರ್ಡ್.

ಅಶೋಕನಿಗೆ ಕ್ಯಾತನಹಳ್ಳಿಯ ಹಾಲಿನ ಡೈರಿಯಲ್ಲಿ ಕೆಲಸ ಸಿಕ್ಕಿತ್ತು. ಸಂಜೆ ಹಾಲು ಅಳೆದು ಮುಗಿಸಿ ಕಿಕ್ಕೇರಿಗೆ ಪ್ರಾಕ್ಟೀಸಿಗೆ ಹೋಗುವುದು ಆಗದ ಮಾತು. ಆದ್ದರಿಂದ ಚೌಡಯ್ಯ ಅವನನ್ನು ದ್ಯಾವಯ್ಯನಿಗೆ ಬಿಟ್ಟುಕೊಡುವುದು, ಬದಲಿಗೆ ದ್ಯಾವಯ್ಯ ಒಂದು ಜೊತೆ ಹೊಸ ಗೋಲುಬಲೆ ಕೊಡುವುದು ಎಂದು ಮಾತಾಗಿತ್ತು. ಬಲೆ ಹೊರಗೆ ದ್ಯಾವಯ್ಯನ ಸ್ಕೂಟರಿಗೆ ಕಟ್ಟಿಕೊಂಡು ಬಂದಿತ್ತು. ಮೂರು ವರ್ಷ ಒಂದೇ ಸಮನೆ ಫೈನಲ್ಲಿನಲ್ಲಿ ಸೋತಿದ್ದ ದ್ಯಾವಯ್ಯ, ಈ ಸಲ ಕಪ್ಪು ತರದಿದ್ದರೆ ಟೀಮನ್ನೇ ಮುಚ್ಚಿಬಿಡುತ್ತೇನೆ ಎಂದು ಡೈರಿ ಮುಂದೆ, ಹಾಲಿನ ಕ್ಯಾನು ಹಿಡಿದು ನಿಂತ ಅರ್ಧ ಊರಿನ ಎದುರು ಹೇಳಿಬಿಟ್ಟಿದ್ದ. ಅರ್ಧ ಊರಿಗೆ ಹೇಳಿದ್ದು ಇನ್ನರ್ಧ ಊರಿಗೆ ಹಾಲಿಗಿಂತ ಮೊದಲೇ ಮುಟ್ಟಿತ್ತು.

ವಾರದಿಂದ ಅವನಿಗೆ ನಿದ್ದೆಯಿರಲಿಲ್ಲ. ನಾಲ್ಕು ತಾಲ್ಲೂಕಿನ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಸುದ್ದಿ. ಸೋಮವಾರ ಅಶೋಕ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಯುತ್ತಿದ್ದನಂತೆ, ನಾಗಮಂಗಲದ ಟೀಮಿನ ಜೊತೆ ಮಾತು ಮುಗಿದ ಹಾಗೆಯೇ ಎಂದು ಯಾರೋ ಹಾಕಿದರು. ಅವನು ಹೋದದ್ದು ಅಕ್ಕನ ಮಗುವಿನ ಕಿವಿ ಚುಚ್ಚಿಸಲು. ಗುರುವಾರ ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ತಲೆ ಬೋಳಿಸಿಕೊಂಡು ನಿಂತ ಅವನ ಫೋಟೋ ಬಂತು. ‘ಹೊಸ ಟೀಮಿಗೆ ಹೊಸ ಸ್ಟೈಲು, ಶ್ರೀರಂಗಪಟ್ಟಣಕ್ಕೆ ಸ್ವಾಗತ’ ಎಂದು ಅದರ ಕೆಳಗೆ ಐವತ್ತು ಜನ ಚಪ್ಪಾಳೆ ಒತ್ತಿದರು. ಪಾಪ, ಅಶೋಕ ಅಲ್ಲಿಗೆ ಹೋಗಿದ್ದು ತಾತನ ಬೂದಿ ಬಿಡಲು. ದ್ಯಾವಯ್ಯ ಅದಕ್ಕೂ ಫೋನು ಮಾಡಿ, ಸತ್ತದ್ದು ನಿಜವಾಗಿ ತಾತನೇನಾ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದ.

ಇಷ್ಟೆಲ್ಲ ದಾಟಿ, ಹುಡುಗ ಕಣ್ಣ ಮುಂದೆ ನಿಂತು, ಪೆನ್ನು ಕೈಗೆ ಬಂದಾಗ ಮಹದೇವಸ್ವಾಮಿ ಬೂಟೆಲ್ಲಿ ಎಂದು ಕೇಳಿದರು. ಹೋದ ವರ್ಷ ಬರಿಗಾಲಲ್ಲಿ ಆಡಿ ಒಬ್ಬನ ಹೆಬ್ಬೆರಳು ಮುರಿದ ಮೇಲೆ, ಬೂಟು ತೊಟ್ಟು ನಿಂತವನ ಹೆಸರನ್ನು ಮಾತ್ರ ಬರೆಯಬೇಕೆಂದು ಕಮಿಟಿ ಕಾನೂನು ಮಾಡಿತ್ತು. ಅಶೋಕನ ಬೂಟು ಚೌಡಯ್ಯನ ಹೆಗಲಚೀಲದಲ್ಲಿತ್ತು. ಚೌಡಯ್ಯ ಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದ.

ಚೌಡಯ್ಯ: ದನ ಕೊಟ್ರೂ ಹಗ್ಗ ಕೊಡಾಕಿಲ್ಲ ಅಂತ ನಂಗೆ ಹೇಳ್ಕೊಟ್ಟೋನು ನೀನೇ ತಾನೆ? ಹಗ್ಗ ಹೋದ್ರೆ ಕೊಟ್ಟಿಗೆ ಲಕ್ಷ್ಮಿನೂ ಹೋಯ್ತಾಳೆ ಅಂದೆ. ಇವ ನನ್ ಕೊಟ್ಟಿಗೆ ಎತ್ತು. ಬೂಟೇ ಇವ್ನ ಹಗ್ಗ. ಎತ್ತು ಹೊಡ್ಕೊಂಡೋಗು, ಹಗ್ಗ ಇಲ್ಲೇ ಇರ್ಲಿ.

ಅಶೋಕ: ನಾನು ಎತ್ತಾ, ಚೌಡಣ್ಣ?

ಚೌಡಯ್ಯ: ಬೇಜಾರ್ ಮಾಡ್ಕೋಬ್ಯಾಡ ಕಣ್ಲಾ. ಒಳ್ಳೆ ಎತ್ತು.

ಮಹದೇವಸ್ವಾಮಿ: ಎತ್ತೋ, ಕೋಣವೋ, ಬೂಟಿಲ್ಲದೆ ಬರೆಯೋಕೆ ಬರೋದಿಲ್ಲ. ಮೂವತ್ತೈದು ನಿಮಿಷ ಇದೆ. ಐದೂ ಹತ್ತಕ್ಕೆ ನನ್ನ ಬಸ್ಸು.

ದ್ಯಾವಯ್ಯನಿಗೆ ಹೊಟ್ಟೆ ಉರಿದದ್ದು ಬೂಟಿಗಲ್ಲ. ಎಂಟು ವರ್ಷದ ಹಿಂದೆ ಇದೇ ಚೌಡಯ್ಯ ಅವನ ಸೀಮೆಹಸುವನ್ನು ಕೊಂಡಿದ್ದ. ಹಸು ಆಟೋ ಹತ್ತದೆ ಹಟ ಮಾಡಿತೆಂದು, ಈಗ ಹಗ್ಗದ ಸಮೇತ ಒಯ್ಯುತ್ತೇನೆ, ನಾಳೆ ಹಗ್ಗ ಕಳಿಸುತ್ತೇನೆ ಎಂದಿದ್ದ. ಅದು ದ್ಯಾವಯ್ಯನ ಅಪ್ಪ ಸಾಯುವ ವರ್ಷ ಜಗುಲಿಯ ಮೇಲೆ ಕೂತು ಹೊಸೆದ ಕತ್ತಾಳೆ ನಾರಿನ ಹಗ್ಗ. ಅದು ಹೋದ ಮೇಲೆ ಮನೆಯ ಇನ್ನೊಂದು ಹಸು ಎರಡು ವರ್ಷ ಗಬ್ಬ ಕಟ್ಟಲಿಲ್ಲ, ಬೋರಿನ ಮೋಟಾರು ಎರಡು ಸಲ ಸುಟ್ಟಿತು, ಟೀಮು ಮೂರು ಫೈನಲ್ಲು ಸೋತಿತು. ಮೂರಕ್ಕೂ ದ್ಯಾವಯ್ಯ ಒಂದೇ ಕಾರಣ ಹೇಳುತ್ತಿದ್ದ.

ಮೊದಲು ಅವನು ಅಡ್ಡದಾರಿ ಹಿಡಿದು ನೋಡಿದ. ಮೇಷ್ಟರ ಬೀರುವಿನಲ್ಲಿದ್ದ ಹಳೆಯ ಬೂಟು ಇಸಿದುಕೊಂಡು, ಅಶೋಕನನ್ನು ಬೆಂಚಿನ ಮೇಲೆ ಕೂರಿಸಿ, ಎತ್ತಿಗೆ ಲಾಳ ಕಟ್ಟುವವನ ಹಾಗೆ ಅವನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಬೂಟು ಏಳು ನಂಬರು, ಕಾಲು ಹನ್ನೊಂದು. ಬೆರಳು ಒಳಗೆ ಹೋದರೆ ಹಿಮ್ಮಡಿ ಬರಲಿಲ್ಲ, ಹಿಮ್ಮಡಿ ತೂರಿಸಿದರೆ ಹುಡುಗನ ಕಣ್ಣಲ್ಲಿ ನೀರು ಬಂತು. ಪಾಂಡವಪುರದ ಯಾವ ಅಂಗಡಿಯಲ್ಲೂ ಆ ಅಳತೆ ಸಿಗುವುದಿಲ್ಲವೆಂದೂ, ತಾನೇ ಮೈಸೂರಿಗೆ ಹೇಳಿ ತರಿಸಿದ್ದೆಂದೂ ಚೌಡಯ್ಯ ನಿಧಾನವಾಗಿ ವಿವರಿಸಿದ.

ಚೌಡಯ್ಯ: ನೋಡು ದ್ಯಾವ, ಕೊನೆ ಮಾತು. ಇನ್ಮೇಕೆ ಹಗ್ಗ ಅಂತ ಬಾಯಿ ಬುಡಾಕಿಲ್ಲ ಅನ್ನು. ಈಗ್ಲೇ ಬೂಟು ಕೊಡ್ತೀನಿ. ಅದಕ್ಕೂ ಇದಕ್ಕೂ ಚುಕ್ತಾ.

ನಾಲ್ಕೂ ನಲವತ್ತು. ಆಯ್ತು ಅಂದುಬಿಡಬೇಕು ಎಂದು ದ್ಯಾವಯ್ಯ ನಿಜವಾಗಿಯೂ ಅಂದುಕೊಂಡ. ಕಪ್ಪು ಕಣ್ಣ ಮುಂದೆ ಬಂತು, ಡೈರಿ ಮುಂದಿನ ಜನ ಕಂಡರು. ಬಾಯಿ ತೆಗೆದ. ಬಂದ ಮಾತು ಮಾತ್ರ ಬೇರೆ.

ದ್ಯಾವಯ್ಯ: ನಮ್ಮಪ್ಪನ ಹಗ್ಗಕ್ಕೂ ನಿನ್ ಚರ್ಮದ ಬೂಟಿಗೂ ಚುಕ್ತಾನಾ?

ಚೌಡಯ್ಯ: ನಿಮ್ಮಪ್ಪನ ಹಗ್ಗ ನಿಮ್ಮನೇಲೇ ಅದೆ ಕಣ್ಲಾ, ಮಂಕೆ. ಹಸ ಕೊಂಡ ವಾರಕ್ಕೇ ಕಳ್ಸಿವ್ನಿ. ನಿನ್ ಹೆಂಡ್ರ ಕೈಗೇ ಕೊಟ್ಟೆ ಅಂದ ಕಂಡಕ್ಟ್ರು.

ದ್ಯಾವಯ್ಯ: ಆ ಹಗ್ಗ ನಮ್ಮನೆ ಹೊಸ್ತಿಲು ದಾಟಿದ್ದು ದಿಟ ಆದ್ರೆ, ಈ ಸಲದ ಆಟ ಮುಗಿಯೋಗಂಟ ನಿನ್ ಟೀಮಿನ ಹನ್ನೊಂದು ಜೆರ್ಸಿನೂ ನನ್ ಕೈಯಾರೆ ಒಗ್ದು ಕೊಡ್ತೀನಿ.

ಚೌಡಯ್ಯ: ಚಡ್ಡಿನೂ?

ದ್ಯಾವಯ್ಯ: ಚಡ್ಡಿನೂ.

ಚೌಡಯ್ಯ: ಮೇಷ್ಟ್ರೆ, ಬರ್ಕೊಳಿ.

ಮಹದೇವಸ್ವಾಮಿ: ಇದು ಆಟಗಾರರ ರಿಜಿಸ್ಟರು ಕಣಯ್ಯ. ಚಡ್ಡಿಗೆ ಕಾಲಂ ಇಲ್ಲ.

ದ್ಯಾವಯ್ಯ ಹೆಂಡತಿ ಕುಳ್ಳಮ್ಮನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟ. ಕುಳ್ಳಮ್ಮ ಸಂಜೆಯ ಹಾಲು ಕರೆಯುತ್ತಿದ್ದಳು. ಏನು ಎತ್ತ ಎನ್ನುವುದಕ್ಕೆ ಮೊದಲೇ ದ್ಯಾವಯ್ಯ ಹಗ್ಗ ಹಗ್ಗ ಎಂದು ಅರಚಿದ. ಅರಚುವುದಾದರೆ ಇಡುತ್ತೇನೆ, ಹಸು ಬೆದರುತ್ತದೆ ಎಂದು ಅವಳು ಇಟ್ಟೇಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಕರೆದ ಹಾಲನ್ನು ಒಳಗಿಟ್ಟು, ಕರುವನ್ನು ಬಿಟ್ಟು, ಕೈ ತೊಳೆದು, ತಾನೇ ತಿರುಗಿ ಫೋನು ಮಾಡುವ ಹೊತ್ತಿಗೆ ಗಡಿಯಾರ ಐದಕ್ಕೆ ಆರು ನಿಮಿಷ ತೋರಿಸುತ್ತಿತ್ತು. ದ್ಯಾವಯ್ಯ ಈಗ ತುಟಿ ಕಚ್ಚಿಕೊಂಡು, ಮಗುವನ್ನು ಮಾತಾಡಿಸುವ ದನಿಯಲ್ಲಿ ಕೇಳಿದ.

ದ್ಯಾವಯ್ಯ: ಕುಳ್ಳಿ, ನಮ್ಮಪ್ಪ ಹೊಸ್ದಿದ್ನಲ್ಲ, ಕತ್ತಾಳೆ ಹಗ್ಗ. ಅದ್ನ ಯಾವಾಗ್ಲಾದ್ರೂ ಯಾರಾದ್ರೂ ತಂದುಕೊಟ್ರಾ?

ಕುಳ್ಳಮ್ಮ: ಅದಾ? ಅದ್ರ ಮೇಲೆ ತಾನೆ ನಿನ್ ಪಂಚೆ ಒಣಗಾಕೋದು.

ದ್ಯಾವಯ್ಯ ಫೋನನ್ನು ಹತ್ತಿರಕ್ಕೆ ಎಳೆದುಕೊಂಡ.

ದ್ಯಾವಯ್ಯ: ಯಾವತ್ತಿಂದ?

ಕುಳ್ಳಮ್ಮ: ಹಸ ಮಾರಿದ್ ವಾರದಿಂದ. ಕಿಕ್ಕೇರಿ ಬಸ್ಸಿನೋರು ಕೊಟ್ಟೋದ್ರು.

ದ್ಯಾವಯ್ಯ: ನಂಗ್ಯಾಕ್ ಹೇಳ್ನಿಲ್ಲ?

ಕುಳ್ಳಮ್ಮ: ಹೇಳಾಕೇ ಬಂದೆ. ಚೌಡಣ್ಣ ಅಂತ ಬಾಯಿ ತೆಗೀತಿದ್ದಂಗೇ ನೀನು ಮುದ್ದೆ ತಟ್ಟೇನ ಅಂಗ್ಳಕ್ಕೆ ಎಸ್ದೆ. ನಮ್ಮವ್ವ ಕೊಟ್ಟಿದ್ ತಟ್ಟೆ, ಇವತ್ಗೂ ಸೊಟ್ಟಗೈತೆ. ಇನ್ನೊಂದ್ ತಟ್ಟೆ ಯಾಕೆ ಹಾಳಾಗ್ಬೇಕು ಅಂತ ಸುಮ್ಕಾದೆ. ಸಾರಿಗೆ ಒಸಿ ಬದನೆಕಾಯಿ ತತ್ತೀಯಾ?

ದ್ಯಾವಯ್ಯ ಉಟ್ಟಿದ್ದ ಪಂಚೆಯನ್ನು ಬೆಳಿಗ್ಗೆ ಆ ಹಗ್ಗದ ಮೇಲಿಂದಲೇ ಎಳೆದುಕೊಂಡಿದ್ದ. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಕೊಟ್ಟಿಗೆಗೆ ಹೋಗುವಾಗ ಅದರಡಿಯಲ್ಲಿ ತಲೆ ಬಗ್ಗಿಸಿ ನಡೆದಿದ್ದ. ಬಗ್ಗಿಸಲು ಮರೆತ ದಿನ ಅದು ಕುತ್ತಿಗೆಗೆ ಸಿಕ್ಕಿದಾಗ, ಇದನ್ನು ಇಲ್ಲಿ ಕಟ್ಟಿದವರು ಯಾರು ಎಂದು ಬೈದೂ ಇದ್ದ. ಫೋನು ಆರಿಸಿ ಜೇಬಿಗೆ ಹಾಕಿಕೊಂಡ. ಆ ಹಸು ಯಾಕೆ ಗಬ್ಬ ಕಟ್ಟಲಿಲ್ಲ, ಆ ಮೋಟಾರು ಯಾಕೆ ಸುಟ್ಟಿತು, ಆ ಮೂರು ಫೈನಲ್ಲು ಯಾಕೆ ಸೋತೆವು ಎನ್ನುವುದಕ್ಕೆ ಈಗ ಬೇರೆ ಕಾರಣ ಹುಡುಕಬೇಕಿತ್ತು.

ಚೌಡಯ್ಯ ನಗಲಿಲ್ಲ. ನಕ್ಕಿದ್ದರೆ ಹೊಡೆದಾದರೂ ಸಮಾಧಾನವಾಗುತ್ತಿತ್ತು. ಅವನು ಚೀಲದಿಂದ ಬೂಟು ತೆಗೆದು ಮೇಜಿನ ಮೇಲಿಟ್ಟ.

ಚೌಡಯ್ಯ: ತಕ್ಕೊ. ನಿನ್ ಹಗ್ಗ ನಿಂಗೆ ಸಿಕ್ತು. ನನ್ ಹಗ್ಗಾನೂ ನೀನೇ ಇಟ್ಕೊ.

ಅಶೋಕ: ಅಣ್ಣ, ಎರಡು ನಿಮಿಷ ಐತೆ.

ಲೇಸಿಗೆ ಚೌಡಯ್ಯ ದನ ಕಟ್ಟುವ ಗಂಟು ಹಾಕಿದ್ದ. ಎಳೆದಷ್ಟೂ ಬಿಗಿಯುವ ಗಂಟು. ಒಂದು ಬೂಟಿನ ಗಂಟನ್ನು ಚೌಡಯ್ಯ ಉಗುರಿನಿಂದ ಬಿಡಿಸಿದ, ಇನ್ನೊಂದರದ್ದನ್ನು ದ್ಯಾವಯ್ಯ ಹಲ್ಲಿನಿಂದ. ಎಂಟು ವರ್ಷದಲ್ಲಿ ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು. ಅಶೋಕ ಕಾಲು ತೂರಿಸಿದ, ಎದ್ದು ನಿಂತ, ಮೇಷ್ಟರು ಬಗ್ಗಿ ಎರಡು ಬೂಟನ್ನೂ ನೋಡಿ ರಿಜಿಸ್ಟರು ತಿರುಗಿಸಿದರು. ಅಶೋಕ ಬರೆಯಲು ಶುರುಮಾಡಿದ. ‘ಅ’ ಬಂತು, ‘ಶೋ’ ಬಂತು. ಮಹದೇವಸ್ವಾಮಿ ಸೀಟಿ ಊದಿದರು.

ದ್ಯಾವಯ್ಯ: ಮೇಷ್ಟ್ರೆ, ಒಂದ್ ಅಕ್ಸರ ಬಾಕಿ.

ಮಹದೇವಸ್ವಾಮಿ: ಗೆರೆ ಮೇಲೆ ನಿಂತ ಚೆಂಡು ಗೋಲಲ್ಲ, ದ್ಯಾವಯ್ಯ.

ರಿಜಿಸ್ಟರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೇಷ್ಟರು ಬಸ್ಸಿಗೆ ನಡೆದರು. ದ್ಯಾವಯ್ಯ ಬಸ್ ಸ್ಟ್ಯಾಂಡಿನವರೆಗೂ ಅವರ ಹಿಂದೆ ಹೋಗಿ ಬೇಡಿದ, ಬೈದ, ಮತ್ತೆ ಬೇಡಿದ. ಕಂಡಕ್ಟರು ಬಾಗಿಲು ಹಾಕಿದ. ಅಷ್ಟರಲ್ಲಿ ಆ ಪುಟದ ಫೋಟೋ ಹೇಗೋ ಗುಂಪಿಗೆ ಹೋಗಿತ್ತು. ಕ್ಯಾತನಹಳ್ಳಿಗೆ ಅಶೋ ಅನ್ನುವ ಹೊಸ ಆಟಗಾರ ಬಂದಿದ್ದಾನಂತೆ, ಯಾವ ದೇಶದವನು ಎಂದು ನಾಗಮಂಗಲದಿಂದ ಯಾರೋ ಕೇಳಿದ್ದರು. ಜಪಾನಿನವನು ಇರಬೇಕು ಎಂದು ಶ್ರೀರಂಗಪಟ್ಟಣದವರು ಉತ್ತರ ಕೊಟ್ಟಿದ್ದರು.

ಹಳೆಯ ಪಟ್ಟಿಯಂತೆ ಅಶೋಕ ಕಿಕ್ಕೇರಿಯಲ್ಲೇ ಉಳಿದ. ಪ್ರಾಕ್ಟೀಸು ಬಿಟ್ಟು ಬರೀ ಆಟದ ದಿನ ಹೋಗಿ ಆಡಿದ, ಅದೇ ಹನ್ನೊಂದು ನಂಬರಿನ ಬೂಟಿನಲ್ಲಿ ಸೆಮಿಫೈನಲ್ಲಿನಲ್ಲಿ ಕ್ಯಾತನಹಳ್ಳಿಯ ವಿರುದ್ಧವೇ ಎರಡು ಗೋಲು ಹೊಡೆದ. ಮಾರನೇ ದಿನ ಡೈರಿಯಲ್ಲಿ ದ್ಯಾವಯ್ಯನ ಹಾಲು ಅಳೆಯುವಾಗ ತಲೆ ಎತ್ತಲಿಲ್ಲ. ಕಪ್ಪು ನಾಗಮಂಗಲಕ್ಕೆ ಹೋಯಿತು. ಟೀಮು ಮುಚ್ಚುವ ಮಾತನ್ನು ಯಾರೂ ಎತ್ತಲಿಲ್ಲ, ಎತ್ತಿದರೆ ತಟ್ಟೆ ಹಾರುತ್ತದೆಂದು ಊರಿಗೆ ಗೊತ್ತಿತ್ತು.

ಆದರೆ ಸೆಮಿಫೈನಲ್ಲಿನ ಮಾರನೇ ವಾರ ಕಿಕ್ಕೇರಿ ಬಸ್ಸಿನ ಕಂಡಕ್ಟರು ಒಂದು ಮೂಟೆ ಇಳಿಸಿ ಹೋದ. ಹನ್ನೊಂದು ಜೆರ್ಸಿ, ಹನ್ನೊಂದು ಚಡ್ಡಿ, ಒಂದೊಂದರಲ್ಲೂ ಪಾವು ಕೆಸರು. ಈ ಸಲ ಕುಳ್ಳಮ್ಮ ಮುಚ್ಚಿಡಲಿಲ್ಲ. ಮೂಟೆಯನ್ನು ತಂದು ಗಂಡನ ಮುಂದೆಯೇ ಇಟ್ಟಳು, ಊಟದ ತಟ್ಟೆಯನ್ನು ಮಾತ್ರ ಮೊದಲೇ ಒಳಗಿಟ್ಟಿದ್ದಳು. ಮೂಟೆ ಅಂದಿನಿಂದ ಕೊಟ್ಟಿಗೆಯ ಮೂಲೆ ಸೇರಿದೆ. ಬೆಕ್ಕು ಅದರ ಮೇಲೆ ಎರಡು ಸಲ ಮರಿ ಹಾಕಿದೆ. ಕಿಕ್ಕೇರಿಯವರು ಬೇರೆ ಜೆರ್ಸಿ ಹೊಲಿಸಿಕೊಂಡು ಆಡುತ್ತಿದ್ದಾರೆ, ಚೌಡಯ್ಯ ಮಾತ್ರ ತಿಂಗಳಿಗೊಮ್ಮೆ ಫೋನು ಮಾಡುತ್ತಾನೆ.

ಮೊನ್ನೆಯೂ ಮಾಡಿದ್ದ. ದ್ಯಾವಯ್ಯ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ.

ಕುಳ್ಳಮ್ಮ: ಚೌಡಣ್ಣ ಕೇಳ್ತಾವ್ರೆ. ಬಟ್ಟೆ ಯಾವಾಗ ಒಗ್ದು ಕೊಡ್ತೀಯಾ ಅಂತ.

ದ್ಯಾವಯ್ಯ ಹಗ್ಗದ ಕಡೆ ನೋಡಿದ. ಈ ತುದಿಯಿಂದ ಆ ತುದಿಯವರೆಗೂ ಖಾಲಿ. ಹೆಗಲ ಮೇಲಿದ್ದ ಟವೆಲ್ಲು ತೆಗೆದು, ಕೊಡವಿ, ಹಗ್ಗದ ನಟ್ಟನಡುವೆ ಆದಷ್ಟೂ ಅಗಲವಾಗಿ ಹರವಿದ.

ದ್ಯಾವಯ್ಯ: ಹಗ್ಗ ಖಾಲಿ ಇಲ್ಲ ಅಂದ್ಬುಡು.